ಸಾಹೇಬರ ಮುಂದೆ ಒಂದು ಮಾತು

ಇವತ್ತು ಬೆಳಿಗ್ಗೆ ಬೂದಿಕೋಟೆಯ ಬಸ್ ಸ್ಟಾಂಡಿನಲ್ಲಿ ಕೇಳಿದ ಒಂದು ನಗು ಸಂಜೆಯಾದರೂ ನನ್ನ ತಲೆಯಿಂದ ಇಳಿದಿಲ್ಲ. ದೊಡ್ಡ ನಗುವೇನಲ್ಲ. ಮೂಗಿನಲ್ಲೇ ಹುಟ್ಟಿ ಮೂಗಿನಲ್ಲೇ ಮುಗಿದದ್ದು. ಬಂಗಾರಪೇಟೆಯ ಬಸ್ಸಿಗೆ ಕಾಯುತ್ತಿದ್ದೆವು. ನಮ್ಮ ಆಫೀಸಿನಲ್ಲಿ ದಾಸ್ತಾನು ಲೆಕ್ಕ ನೋಡಿಕೊಳ್ಳುವ ಹುಡುಗಿ ಹತ್ತಿರ ಬಂದು, ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿ ಕೇಳಿದಳು: “ಅಣ್ಣಾ, ಇವತ್ತು ಮೀಟಿಂಗಲ್ಲಿ ಸಾಹೇಬ್ರ ಮುಂದೆ ನನ್ನ ಕೆಲಸದ ಬಗ್ಗೆ ಒಂದು ಮಾತು ಹೇಳ್ತೀರಾ? ನೀವು ನೋಡಿದ್ದೀರಲ್ಲ.” “ಹೇಳ್ತೀನಮ್ಮ, ಖಂಡಿತ ಹೇಳ್ತೀನಿ” ಅಂದೆ. ಅಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ನಮ್ಮದೇ ಆಫೀಸಿನ ಹಿರಿಯರೊಬ್ಬರು “ಹೊಗಳಿಸಿಕೊಳ್ಳೋಕೂ ಅರ್ಜಿ ಹಾಕೋ ಕಾಲ ಬಂತು” ಎಂದು ಆ ನಗು ನಕ್ಕರು. ಹುಡುಗಿಯ ಮುಖ ಇಳಿದುಹೋಯಿತು. ಬಂಗಾರಪೇಟೆ ಬರುವ ತನಕ ಅವಳು ತಲೆ ಎತ್ತಲಿಲ್ಲ.

ಆ ನಗುವಿನ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಆರಿಲ್ಲ. ಆರುವ ಮೊದಲೇ ಬರೆಯುತ್ತಿದ್ದೇನೆ.

ಮಾಡಿಸುವವರಿಗೇ ಕೆಲಸ ಕಾಣಬೇಕು, ಹೊಗಳಿಕೆಗೆಂದೇ ಯಾರೂ ದುಡಿಯಬಾರದು, ಮುಖಸ್ತುತಿ ಕೆಟ್ಟದ್ದು. ಇವೆಲ್ಲ ಎಲ್ಲರಿಗೂ ಗೊತ್ತಿರುವ ಮಾತು, ಬಿಡೋಣ. ನನ್ನ ತಕರಾರು ಬೇರೆ. ಬಾಕಿ ಸಂಬಳ ಕೇಳುವುದಕ್ಕೆ ನಾವು ನಾಚುವುದಿಲ್ಲ. ರಜೆ ಕೇಳುತ್ತೇವೆ, ಮುಂಗಡ ಕೇಳುತ್ತೇವೆ, ವರ್ಗಾವಣೆ ಕೇಳುತ್ತೇವೆ. ನಾನು ಮಾಡಿದ್ದನ್ನು ಮಾಡಿದ್ದೇನೆಂದು ಹೇಳಿ ಅಂತ ಕೇಳುವುದಕ್ಕೆ ಮಾತ್ರ ಮೂಲೆ ಹುಡುಕಬೇಕು, ದನಿ ತಗ್ಗಿಸಬೇಕು. ಇದ್ಯಾವ ನ್ಯಾಯ? ಅವಳು ಹೆಚ್ಚಿನದೇನೂ ಕೇಳಲಿಲ್ಲ. ಕಣ್ಣಾರೆ ಕಂಡದ್ದನ್ನು ಬಾಯಿಬಿಟ್ಟು ಹೇಳಿ ಎಂದಳು. ನಾಚಿಕೆಪಡಬೇಕಾದವರಿದ್ದರೆ ಅದು ಅಷ್ಟು ದಿನ ನೋಡಿಯೂ ಸುಮ್ಮನಿದ್ದ ಇಡೀ ಆಫೀಸು.

ಹಾಗೆ ನಕ್ಕವರು ನಮ್ಮೂರಿನಲ್ಲಿ ನಿಂತು ನಕ್ಕರು ಎಂಬುದು ನನಗೆ ಇನ್ನಷ್ಟು ಚುಚ್ಚಿತು. ಬೂದಿಕೋಟೆಗೆ ಬಂದ ಯಾರಿಗಾದರೂ ನಾವು ಮೊದಲು ತೋರಿಸುವುದು ಹೈದರಾಲಿ ಹುಟ್ಟಿದ ಜಾಗವನ್ನು. ಅವನ ತಂದೆ ಫತೇ ಮಹಮ್ಮದ್ ಶಿರಾದ ನವಾಬನ ಕೈಕೆಳಗೆ ಫೌಜುದಾರನಾಗಿದ್ದವನು. ಬೂದಿಕೋಟೆ ಅವನಿಗೆ ಜಹಗೀರಾಗಿ ಬಂದಿತ್ತು. ಅವನ ಗೋರಿ ಕೋಲಾರದಲ್ಲಿದೆ. ತಂದೆ ಯುದ್ಧದಲ್ಲಿ ಸತ್ತಾಗ ಹೈದರ್ ಇನ್ನೂ ಚಿಕ್ಕವನು. ಮುಂದೆ ಅಣ್ಣ ಶಹಬಾಜ್ ಮೈಸೂರಿನ ಸೈನ್ಯ ಸೇರಿದ. ತಮ್ಮ ಅಣ್ಣನ ಬೆನ್ನಿಗಿದ್ದ, ಓದು ಬರಹ ಕಲಿಯಲಿಲ್ಲ. 1749ರಲ್ಲಿ ಮೈಸೂರಿನ ಸೈನ್ಯ ದೇವನಹಳ್ಳಿಯ ಕೋಟೆಗೆ ಮುತ್ತಿಗೆ ಹಾಕಿತು. ಆಗ ಹೈದರನಿಗೆ ಮೂವತ್ತರೊಳಗಿನ ವಯಸ್ಸು, ಕೈಯಲ್ಲಿ ಹೇಳಿಕೊಳ್ಳುವಂಥ ಹುದ್ದೆ ಏನೂ ಇಲ್ಲ. ಆ ಮುತ್ತಿಗೆಯಲ್ಲಿ ಅವನು ತೋರಿಸಿದ ಧೈರ್ಯ ಮತ್ತು ತಣ್ಣಗಿನ ಬುದ್ಧಿ ಸರ್ವಾಧಿಕಾರಿ ನಂಜರಾಜಯ್ಯನ ಕಣ್ಣಿಗೆ ಬಿತ್ತು. ಮುತ್ತಿಗೆ ಮುಗಿದಾಗ 50 ಕುದುರೆ ಸವಾರರೂ 200 ಕಾಲಾಳುಗಳೂ ಅವನ ಕೈಗೆ ಬಂದವು, ದೇವನಹಳ್ಳಿ ಕೋಟೆಯ ಒಂದು ಬಾಗಿಲ ಕಾವಲೂ ಬಂತು. ಮೈಸೂರಿನ ಚರಿತ್ರೆಯೇ ತಿರುಗಿದ್ದು ಆ ಬಾಗಿಲಿನಲ್ಲಿ. ಒಬ್ಬ ಮೇಲಧಿಕಾರಿ ಒಬ್ಬ ಕೆಳಗಿನವನ ಕೆಲಸವನ್ನು ಸಮಯಕ್ಕೆ ಸರಿಯಾಗಿ ಗಮನಿಸಿದ, ಎಲ್ಲರೆದುರು ಒಪ್ಪಿಕೊಂಡ. ಅಷ್ಟೇ ನಡೆದದ್ದು.

ಈ ಕಥೆ ಹೇಳಿದಾಗಲೆಲ್ಲ ಯಾರಾದರೊಬ್ಬರು “ಆಮೇಲೆ ನಂಜರಾಜಯ್ಯನ ಗತಿ ಏನಾಯ್ತು ನೋಡಿದ್ರಾ?” ಎನ್ನುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಮೇಲೆತ್ತಿದವನನ್ನು ಮೂಲೆಗೆ ಸರಿಸಿ ಹೈದರ್ ರಾಜ್ಯವನ್ನೇ ಕೈಗೆ ತೆಗೆದುಕೊಂಡ. ಆಫೀಸುಗಳಲ್ಲಿ ಜನ ಬಾಯಿ ಹೊಲಿದುಕೊಂಡು ಕೂರುವುದಕ್ಕೆ ಈ ಭಯವೇ ಮೂಲ. ಇವನ ಹೆಸರು ಇವತ್ತು ಹೇಳಿದರೆ ನಾಳೆ ನನ್ನ ತಲೆಯ ಮೇಲೇ ಕೂರುತ್ತಾನೆ ಎಂಬ ಲೆಕ್ಕ. ಆದರೆ ನಂಜರಾಜಯ್ಯ ಸೋತದ್ದು ಹೈದರನನ್ನು ಮೆಚ್ಚಿದ್ದರಿಂದ ಅಲ್ಲ ಎಂಬುದು ಚರಿತ್ರೆ ಓದಿದವರಿಗೆ ಗೊತ್ತು. ತಿರುಚಿರಾಪಳ್ಳಿಯ ದಂಡಯಾತ್ರೆಯಲ್ಲಿ ಬೊಕ್ಕಸ ಬರಿದಾಗಿತ್ತು. 1758ರಲ್ಲಿ ಸಂಬಳ ಕಾಣದ ಸೈನಿಕರು ಅವನ ಮನೆ ಬಾಗಿಲಲ್ಲೇ ಧರಣಿ ಕೂತರು. ಆಗ ತನ್ನ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಖಂಡೇರಾಯನನ್ನು ಜೊತೆಗಿಟ್ಟುಕೊಂಡು ಲೆಕ್ಕ ಕೂಡಿಸಿ, ಯಾರಿಗೆ ಎಷ್ಟು ಸಲ್ಲಬೇಕೋ ಅಷ್ಟು ಸಲ್ಲಿಸಿ ಸೈನ್ಯವನ್ನು ಸಮಾಧಾನ ಮಾಡಿದವನು ಹೈದರ್. ಸೈನ್ಯ ಅವನ ಕಡೆಗೆ ವಾಲಿದ್ದು ಸಹಜ. ಸಲ್ಲಬೇಕಾದದ್ದನ್ನು ಸಲ್ಲಿಸದವನು ಕೆಳಗಿಳಿದ, ಸಲ್ಲಿಸಿದವನು ಮೇಲೇರಿದ. ಭಯಪಡುವುದಾದರೆ ಈ ಪಾಠಕ್ಕೆ ಭಯಪಡಬೇಕು.

ಸಲ್ಲಿಸುವ ಮಾತು ಬಂದಾಗ ನನಗೆ ವೀರಗಲ್ಲುಗಳು ನೆನಪಾಗದೆ ಇರುವುದಿಲ್ಲ. ನನ್ನ ಮಟ್ಟಿಗೆ ಕನ್ನಡ ನಾಡು ಲೋಕಕ್ಕೆ ಕೊಟ್ಟ ದೊಡ್ಡ ಸಂಸ್ಥೆಗಳಲ್ಲಿ ವೀರಗಲ್ಲೂ ಒಂದು. ನಮ್ಮ ಕೋಲಾರ ಜಿಲ್ಲೆಯಲ್ಲಿ ಯಾವ ಕೆರೆ ಏರಿ ಹಿಡಿದು ನಡೆದರೂ, ಯಾವ ಹುಣಸೆ ತೋಪು ಹೊಕ್ಕರೂ ಒಂದು ಕಲ್ಲು ಎದುರಾಗುತ್ತದೆ. ಬಿ. ಎಲ್. ರೈಸ್ ಅವರು 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ 10ನೇ ಸಂಪುಟವನ್ನು ಪೂರ್ತಿಯಾಗಿ ನಮ್ಮ ಜಿಲ್ಲೆಯ ಶಾಸನಗಳಿಗೇ ಮೀಸಲಿಟ್ಟರು. ಅದನ್ನು ತಿರುವಿ ಹಾಕುತ್ತಾ ಹೋದರೆ ಅರಸರಿಗಿಂತ ಹೆಚ್ಚಾಗಿ ತುರು ಕಾಯಲು ಹೋಗಿ ಸತ್ತವನು, ಊರು ಉಳಿಸಲು ನಿಂತವನು, ಹುಲಿಯೊಡನೆ ಕಾದವನು ಕಾಣಸಿಗುತ್ತಾರೆ. ಅವರು ನಮ್ಮಂಥ ಜನ, ಯಾರದೋ ಕೈಕೆಳಗೆ ಕೆಲಸಕ್ಕಿದ್ದವರು.

ಆ ಕಲ್ಲುಗಳ ಬರವಣಿಗೆಯನ್ನು ಗಮನವಿಟ್ಟು ನೋಡಿ. ಯಾವ ಅರಸನ ಕಾಲ, ಯಾವ ಊರು, ಎದುರಾಳಿ ಯಾರು, ಏನು ಅಪಾಯ ಬಂದಿತ್ತು, ಇವನು ಏನು ಮಾಡಿದ, ಅದಕ್ಕೆ ಯಾರು ಏನು ಕೊಟ್ಟರು. ಇಷ್ಟನ್ನು ಕೆಲವೇ ಸಾಲುಗಳಲ್ಲಿ ಮುಗಿಸುತ್ತಾರೆ. ಎಷ್ಟೋ ಕಲ್ಲುಗಳಲ್ಲಿ ಕೆತ್ತಿದವನ ಹೆಸರೂ ಇರುತ್ತದೆ. ಕಲ್ಲು ಕಡಿದವನ ಕೆಲಸವೂ ಕೆಲಸವೇ ಎಂದು ಅವರಿಗೆ ತಿಳಿದಿತ್ತು. ಸತ್ತ ವೀರನ ಮನೆಯವರಿಗೆ ಕತ್ತಿ ತೊಳೆದು ಕೊಡುವ ಭೂಮಿಗೆ ಬಾಳ್ಗಳ್ಚು ಎಂಬ ಹೆಸರೇ ಇತ್ತು. ಮೆಚ್ಚುಗೆ ಬಾಯಿಮಾತಿನಲ್ಲಿ ನಿಲ್ಲುತ್ತಿರಲಿಲ್ಲ, ಗದ್ದೆಯಾಗಿ ಮನೆಗೆ ಬರುತ್ತಿತ್ತು. ಜೊತೆಗೆ ಆ ಕಲ್ಲು ನಿಲ್ಲುತ್ತಿದ್ದದ್ದು ಊರ ಜನ ದಿನವೂ ಓಡಾಡುವ ಕಡೆ.

ಇವುಗಳಲ್ಲೆಲ್ಲ ನನಗೆ ಅತ್ಯಂತ ಪ್ರಿಯವಾದದ್ದು ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ 949-50. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಡೆಯಿಂದ ಗಂಗರ ಇಮ್ಮಡಿ ಬೂತುಗ ಚೋಳ ರಾಜಕುಮಾರ ರಾಜಾದಿತ್ಯನನ್ನು ಕೊಂದ. ಆ ಕಾಳಗದಲ್ಲಿ ಬೂತುಗನ ಆಳು ಮಣಲೆರ ಎಂಬವನು ಚೆನ್ನಾಗಿ ಕಾದಿದ್ದ. ಮೆಚ್ಚಿದ ಒಡೆಯ ಏನು ಬೇಕೋ ಕೇಳು ಎಂದಾಗ ಮಣಲೆರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಒಡೆಯನ ಬಳಿಯಿದ್ದ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಒಡೆಯ ಕೊಟ್ಟ. ಮುಂದೆ ಆ ನಾಯಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಅದಕ್ಕೆಂದು ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನೆಟ್ಟು, ಭೂಮಿ ಬಿಟ್ಟು, ಆ ಭೂಮಿಯನ್ನು ನೋಡಿಕೊಳ್ಳುವ ಗೊರವ (ಶೈವ ಪೂಜಾರಿ) ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪ ತಟ್ಟುತ್ತದೆ ಎಂದು ಬರೆಸಿದರು.

ಸಾವಿರ ವರ್ಷ ಹಿಂದಿನ ಈ ಪ್ರಸಂಗದಲ್ಲಿ ನಾವು ಕಲಿಯಬೇಕಾದದ್ದೆಲ್ಲ ಇದೆ. ಕೆಲಸ ಮಾಡಿದವನಿಗೆ ಕೇಳುವ ಅವಕಾಶ ಕೊಟ್ಟರು, ಅವನು ಬಾಯಿಬಿಟ್ಟು ಕೇಳಿದ, ಅದನ್ನು ಯಾರೂ ಹೀನವೆಂದು ಎಣಿಸಲಿಲ್ಲ. ಬದಲಿಗೆ ಅವನು ಕೇಳಿದ ಸಂಗತಿಯನ್ನೇ ಊರಿಗೆಲ್ಲ ಕಾಣುವ ಕಲ್ಲಿನಲ್ಲಿ ಕಡೆಸಿದರು. ಹಂದಿ ಕೊಂದ ನಾಯಿಯ ಸಾಹಸವನ್ನೂ ಮರೆಯದ ನಾಡು ಇದು. ಇಂಥ ನಾಡಿನಲ್ಲಿ ದಾಸ್ತಾನು ಲೆಕ್ಕ ಸರಿಮಾಡಿದ ಒಬ್ಬ ಹೆಣ್ಣುಮಗಳು ತನ್ನ ಹೆಸರು ಹೇಳಿ ಎಂದು ಕೇಳಿದರೆ ನಗುತ್ತೇವೆ.

ವೀರಗಲ್ಲಿನ ಆ ಪದ್ಧತಿ ಎಲ್ಲಿ ಕಡಿದುಹೋಯಿತೆಂದು ಯೋಚಿಸುವಾಗ ನನ್ನ ಕಣ್ಣು ಪಕ್ಕದ ಕೋಲಾರ ಚಿನ್ನದ ಗಣಿಯ, ಅಂದರೆ ಕೆಜಿಎಫ್ ಕಡೆಗೇ ಹೋಗುತ್ತದೆ. ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿ ಕೂತರೆ ಕೋರಮಂಡಲ್, ಊರಿಗಾಂ, ಚಾಂಪಿಯನ್ ಎಂದು ನಿಲ್ದಾಣಗಳು ಬರುತ್ತವೆ. 1880ರಿಂದ ಜಾನ್ ಟೇಲರ್ ಕಂಪನಿ ನಡೆಸಿದ ಗಣಿಗಳವು. ಪೇಟೆಗಳು ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ. ಗಣಿಬಾವಿಗಳು ಗಿಫರ್ಡ್ ಶಾಫ್ಟ್, ಎಡ್ಗರ್ ಶಾಫ್ಟ್. ಎಲ್ಲ ದೊರೆಗಳ ಹೆಸರು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು, ಬಂಡೆ ಸಿಡಿಯುವ ಭಯದಲ್ಲಿ ದುಡಿದು, ಸಿಲಿಕೋಸಿಸ್‌ನಿಂದ ಎದೆ ಕಟ್ಟಿ ಸತ್ತ ಕಾರ್ಮಿಕರಲ್ಲಿ ಒಬ್ಬನ ಹೆಸರನ್ನೂ ಆ ಪೇಟೆಗಳಿಗೆ, ಆ ಬಾವಿಗಳಿಗೆ ಇಡಲಿಲ್ಲ. ಕಾರ್ಮಿಕನನ್ನು ಕಂಪನಿ ಗುರುತು ಹಿಡಿಯಲೇ ಇಲ್ಲ ಎನ್ನುವಂತೆಯೂ ಇಲ್ಲ. ಚಿನ್ನ ಕದಿಯುತ್ತಾನೆಂಬ ಅನುಮಾನಕ್ಕೆ ಮೈ ತಡಕುತ್ತಿದ್ದರು. 1930ರಲ್ಲಿ ಪ್ರತಿಯೊಬ್ಬನ ಬೆರಳಚ್ಚು ತೆಗೆದು ನೋಂದಾಯಿಸಲು ಹೊರಟಾಗ ಸಾವಿರಾರು ಜನ ಕೆಲಸ ನಿಲ್ಲಿಸಿ ಹೊರಗೆ ಬಂದರು. ಅವರ ರೋಷ ನನಗೆ ಅರ್ಥವಾಗುತ್ತದೆ. ತಪ್ಪು ಹುಡುಕುವಾಗ ಬೆರಳಿನ ಗೆರೆಯವರೆಗೂ ಬೇಕು, ಒಳ್ಳೆಯದನ್ನು ಹೇಳುವಾಗ ಹೆಸರೂ ಬೇಡ ಎಂದರೆ ಯಾವ ಮನುಷ್ಯ ತಡೆದುಕೊಂಡಾನು? ಇಂದಿನ ಆಫೀಸಿನಲ್ಲೂ ನಡೆಯುವುದು ಇದೇ. ತಡವಾಗಿ ಬಂದದ್ದು ನಿಮಿಷದ ಲೆಕ್ಕದಲ್ಲಿ ದಾಖಲಾಗುತ್ತದೆ, ತಡವಾಗಿ ಹೋದದ್ದನ್ನು ಕೇಳುವವರಿಲ್ಲ.

ಅದೇ ಕೆಜಿಎಫ್ ನೆಲದಡಿಯಲ್ಲಿ ಇನ್ನೊಂದು ರೀತಿಯೂ ನಡೆಯಿತು. 1965ರಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಸುಳಿವನ್ನು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳೊಡನೆ ಸೇರಿ ಕಂಡುಹಿಡಿದರು. ನಂಜನಗೂಡಿನ ಬಿ. ವಿ. ಶ್ರೀಕಂಠನ್ ಆ ತಂಡದಲ್ಲಿದ್ದರು. ಹೋಮಿ ಭಾಭಾ ಅವರು 1950ರ ದಶಕದ ಆರಂಭದಲ್ಲೇ ಅವರನ್ನು ಈ ಗಣಿಗೆ ಕಳಿಸಿದ್ದರು. ಆ ಸಂಶೋಧನಾ ಲೇಖನದ ತಲೆಯ ಮೇಲೆ ಅವರೆಲ್ಲರ ಹೆಸರುಗಳೂ ಸಾಲಾಗಿವೆ, ಹಿರಿಯ ಎಂ. ಜಿ. ಕೆ. ಮೆನನ್ ಅವರದ್ದೂ ಅದೇ ಸಾಲಿನಲ್ಲಿದೆ. ವಿಜ್ಞಾನದಲ್ಲಿ ಇದು ರೂಢಿ, ಯಾರೂ ಯಾರನ್ನೂ ಬಸ್ ಸ್ಟಾಂಡಿನಲ್ಲಿ ಕೇಳಿಕೊಳ್ಳಬೇಕಿಲ್ಲ. ಆಫೀಸಿನ ವರದಿಗೂ ಈ ರೂಢಿ ಬರಬೇಕು. ತಯಾರಿಸಿದವರ ಹೆಸರು ಮೊದಲ ಪುಟದಲ್ಲಿರಲಿ. ಸಹಿ ಹಾಕುವವರು ಕೊನೆಯಲ್ಲಿ ಹಾಕಲಿ.

ಸಾಹೇಬರ ಮುಂದೆ ಹೇಳುವುದು ಹೇಗೆ? ಇವತ್ತು ಮೀಟಿಂಗಿನಲ್ಲಿ ನಾನು ಹೇಳಿದ್ದನ್ನೇ ಬರೆಯುತ್ತೇನೆ. “ಸಾರ್, ಗೋದಾಮಿನ ದಾಸ್ತಾನು ಪುಸ್ತಕಕ್ಕೂ ಕಂಪ್ಯೂಟರಿನ ಲೆಕ್ಕಕ್ಕೂ ತಾಳೆ ಆಗ್ತಿರಲಿಲ್ಲ. ಹಳೇ ಚೀಟಿಗಳನ್ನ ಒಂದೊಂದಾಗಿ ತೆಗೆದು ತಪ್ಪು ಎಲ್ಲಿದೆ ಅಂತ ಹಿಡಿದದ್ದು ಇವರು. ಈ ಸಲ ಆಡಿಟಿನವರು ಕೇಳಿದ ಕಾಗದ ಕೇಳಿದ ಕೂಡಲೇ ಸಿಕ್ಕಿದ್ದು ಅದರಿಂದ. ಹೇಗೆ ಹಿಡಿದ್ರು ಅಂತ ಅವರೇ ಹೇಳಲಿ.” ವೀರಗಲ್ಲಿನ ರೀತಿಯೇ ಇದು. ಅಪಾಯ ಏನಿತ್ತು, ಯಾರು ನಿಂತರು, ಏನು ಉಳಿಯಿತು. ಆಮೇಲೆ ಮಾತನ್ನು ಅವರ ಕೈಗೇ ಕೊಟ್ಟುಬಿಡಬೇಕು. ಅವಳು ಎದ್ದು ನಿಂತು, ಮೊದಲು ತಡವರಿಸಿ, ಆಮೇಲೆ ಚೀಟಿಗಳ ಲೆಕ್ಕವನ್ನು ನೀರು ಕುಡಿದಂತೆ ವಿವರಿಸಿದಳು. ಸಾಹೇಬರು ಎರಡು ಪ್ರಶ್ನೆ ಕೇಳಿದರು. ಎರಡಕ್ಕೂ ಉತ್ತರ ಇತ್ತು.

ಒಂದು ವಿಷಯದಲ್ಲಿ ನಾನು ಗಟ್ಟಿ. ಇಂಥ ಹೊತ್ತಿನಲ್ಲಿ “ಪಾಪ, ತುಂಬಾ ಕಷ್ಟಪಡ್ತಾರೆ” ಎಂಬ ಮಾತು ಬಾಯಿಗೆ ಬರಬಾರದು. ಹೆಣ್ಣುಮಕ್ಕಳ ಬಗ್ಗೆ ಹೇಳುವಾಗಂತೂ ಈ ‘ಪಾಪ’ ತಾನಾಗಿ ಬಂದುಬಿಡುತ್ತದೆ. ಅದು ಕೆಲಸವನ್ನು ಮರೆಸಿ ಕರುಣೆಯನ್ನು ಮುಂದಿಡುತ್ತದೆ. ಅವರಿಗೆ ಬೇಕಾದದ್ದು ಕರುಣೆಯಲ್ಲ, ಸಾಕ್ಷಿ. ಸಾಕ್ಷಿ ಹೇಳುವವನು ಕಂಡಿರಬೇಕು. ಕಾಣದಿದ್ದರೆ “ನನಗೆ ಒಂದ್ಸಲ ತೋರಿಸಮ್ಮ, ನೋಡಿ ಹೇಳ್ತೀನಿ” ಎನ್ನಬೇಕು. ಕಂಡದ್ದಕ್ಕಿಂತ ಹೆಚ್ಚು ಹೇಳಿ ಎಂದು ಕೇಳಿದರೆ, “ಇಷ್ಟು ನೋಡಿದ್ದೀನಿ, ಇಷ್ಟು ಹೇಳ್ತೀನಿ” ಎಂದು ಅವರೆದುರಿಗೇ ಹೇಳಬೇಕು. ಕೆಲಸದಲ್ಲಿ ನಾಲ್ವರ ಕೈ ಇದ್ದರೆ ನಾಲ್ವರ ಹೆಸರೂ ಬರಬೇಕು. ಒಬ್ಬರ ಹೆಸರು ಹೇಳಿ ಮೂವರ ಹೊಟ್ಟೆ ಉರಿಸುವುದು ನ್ಯಾಯವಲ್ಲ.

ಇದನ್ನೆಲ್ಲ ಹೇಳಿದಾಗ ಓದಿದ ಜನ ಡಿವಿಜಿಯವರ ‘ವನಸುಮ’ವನ್ನು ಎದುರಿಗೆ ತರುತ್ತಾರೆ. ಕಾಡಿನಲ್ಲಿ ಯಾರ ಕಣ್ಣಿಗೂ ಬೀಳದೆ ಅರಳಿ, ಕಂಪು ಚೆಲ್ಲಿ ಕೃತಾರ್ಥವಾಗುವ ಹೂವಿನಂತೆ ನನ್ನ ಬದುಕೂ ಇರಲಿ ಎಂಬುದು ಆ ಕವಿತೆಯ ಪ್ರಾರ್ಥನೆ. ನಮ್ಮ ಮುಳಬಾಗಿಲಿನ ಕವಿ. ನಾನೂ ಆ ಪದ್ಯವನ್ನು ಬಾಯಿಪಾಠ ಮಾಡಿದವನು. ಆದರೆ ಡಿವಿಜಿ ಅದನ್ನು ತಮಗೆ ಕೇಳಿಕೊಂಡರು, ಬೇರೆಯವರ ಬಾಯಿ ಮುಚ್ಚಿಸುವುದಕ್ಕೆ ಬರೆಯಲಿಲ್ಲ. ಬೇರೆಯವರ ವಿಷಯದಲ್ಲಿ ಅವರು ಏನು ಮಾಡಿದರೆಂದು ತಿಳಿಯಬೇಕಾದರೆ ‘ಜ್ಞಾಪಕ ಚಿತ್ರಶಾಲೆ’ ಓದಬೇಕು. ದಿವಾನರು, ವಿದ್ವಾಂಸರು, ಸಂಗೀತಗಾರರು ಮಾತ್ರ ಅಲ್ಲಿಲ್ಲ. ‘ಹೃದಯ ಸಂಪನ್ನರು’, ‘ವೈದಿಕಧರ್ಮ ಸಂಪ್ರದಾಯಸ್ಥರು’ ಸಂಪುಟಗಳನ್ನು ತೆರೆದರೆ ಸಣ್ಣ ಊರುಗಳ ಪುರೋಹಿತರು, ಮೇಷ್ಟರು, ಮನೆಯ ಹಿರಿಯರು ಪುಟ ಪುಟದಲ್ಲೂ ಎದ್ದು ಬರುತ್ತಾರೆ. ಅವರಾಡಿದ ಮಾತು, ಅವರ ಸಿಟ್ಟು, ಅವರ ಔದಾರ್ಯ ಎಲ್ಲವೂ ಬರುತ್ತವೆ. ಅವರಲ್ಲಿ ಎಷ್ಟೋ ಜನರನ್ನು ಡಿವಿಜಿ ಬರೆಯದೆ ಹೋಗಿದ್ದರೆ ಲೋಕ ಮರೆತೇಬಿಡುತ್ತಿತ್ತು. ತನಗೆ ಮರೆಯನ್ನು ಬೇಡಿಕೊಂಡ ಮನುಷ್ಯ ಉಳಿದವರನ್ನೆಲ್ಲ ಬೆಳಕಿಗೆ ತಂದು ನಿಲ್ಲಿಸಿದ. ದೊಡ್ಡವರ ನಡತೆ ಹಾಗಿರುತ್ತದೆ. ಬೇರೆಯವರಿಗೆ ವನಸುಮ ಬೋಧಿಸುವ ಹಕ್ಕು ಅಂಥವರಿಗೂ ಬೇಕಾಗಿರಲಿಲ್ಲ, ನಮಗಂತೂ ಇಲ್ಲ.

ಹೇಳಬೇಕಾದದ್ದನ್ನು ಯಾರಾದರೂ ಹೇಳಲಿ ಎಂದು ಕಾಯದೆ ತಾವೇ ಹೇಳಲು ಕಲಿತ ಜನರೂ ನಮ್ಮೂರಿನಲ್ಲೇ ಇದ್ದಾರೆ. ಕೆಜಿಎಫ್ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಅದೇ ವರ್ಷ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಎಂಬ ಸಮುದಾಯ ಧ್ವನಿ ಕೇಂದ್ರ ಶುರುವಾಯಿತು. ಮೈರಾಡ, ವಾಯ್ಸಸ್ ಸಂಸ್ಥೆಗಳು ಯುನೆಸ್ಕೋ ನೆರವಿನಿಂದ ಕಟ್ಟಿಕೊಟ್ಟದ್ದು, ನಡೆಸಿದ್ದು ಸುತ್ತಲ ಹಳ್ಳಿಗಳ ಸ್ವಸಹಾಯ ಸಂಘದ ಹೆಂಗಸರು, ಹುಡುಗರು. ಗಾಳಿಯ ಅಲೆ ಜನರ ಸೊತ್ತು ಎಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದ್ದರೂ ಇಂಥ ಕೇಂದ್ರಗಳಿಗೆ ಆಗ ಲೈಸೆನ್ಸ್ ಇರಲಿಲ್ಲ. ಸ್ವಯಂಸೇವಾ ಸಂಸ್ಥೆಗಳಿಗೆ ಬಾನುಲಿ ನಡೆಸಲು ಸರ್ಕಾರ ಅವಕಾಶ ಕೊಟ್ಟದ್ದು 2006ರಲ್ಲಿ. ಅಲ್ಲಿಯವರೆಗೆ ಬೂದಿಕೋಟೆಯವರು ಕಾಯುತ್ತಾ ಕೂರಲಿಲ್ಲ. ಕೇಬಲ್ ಟಿವಿಯ ತಂತಿಯಲ್ಲೇ ಮನೆಮನೆಗೆ ಧ್ವನಿ ಕಳಿಸಿದರು. ಬಿತ್ತನೆ, ಬೇನೆ, ಪಂಚಾಯಿತಿಯ ನೀರು, ಸಂಘದ ಸಾಲ, ಎಲ್ಲವೂ ಊರಿನವರದೇ ಬಾಯಲ್ಲಿ, ನಮ್ಮ ಕಡೆಯ ಕನ್ನಡದಲ್ಲಿ ಕೇಳಿಬಂತು.

ಆ ಸ್ವಸಹಾಯ ಸಂಘಗಳಿಂದ ಆಫೀಸುಗಳು ಕಲಿಯಬೇಕಾದ ಒಂದು ಅಭ್ಯಾಸ ಇದೆ. ಅವರ ಪ್ರತಿ ಸಭೆಗೂ ಒಂದು ನಡಾವಳಿ ಪುಸ್ತಕ ಇರುತ್ತದೆ. ಯಾರು ಬಂದರು, ಯಾರು ಏನು ಹೇಳಿದರು, ಯಾವ ಕೆಲಸವನ್ನು ಯಾರು ವಹಿಸಿಕೊಂಡರು ಎಂದು ಬರೆದು, ಎಲ್ಲರೆದುರು ಓದಿ, ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸುತ್ತಾರೆ. ಅಕ್ಷರ ಬಾರದವರ ಹೆಸರೂ ಆ ಪುಸ್ತಕದಲ್ಲಿ ತಪ್ಪುವುದಿಲ್ಲ. ಡಿಗ್ರಿ ಪಡೆದವರು ನಡೆಸುವ ನಮ್ಮ ಮೀಟಿಂಗುಗಳ ನಡಾವಳಿಯಲ್ಲಿ “ತೀರ್ಮಾನಿಸಲಾಯಿತು, ಪೂರ್ಣಗೊಳಿಸಲಾಯಿತು” ಎಂದಿರುತ್ತದೆ. ಯಾರು ಪೂರ್ಣಗೊಳಿಸಿದರು ಎಂಬುದು ಇರುವುದಿಲ್ಲ.

ಓದುಗರಲ್ಲಿ ನನ್ನ ವಿನಂತಿ ಇಷ್ಟೇ. ನಿಮ್ಮ ಮುಂದಿನ ಮೀಟಿಂಗಿನ ನಡಾವಳಿ ಬರೆಯುವ ಕೆಲಸ ನಿಮಗೆ ಬಂದರೆ, ಪ್ರತಿ ಕೆಲಸದ ಮುಂದೆ ಮಾಡಿದವರ ಹೆಸರು ಬರೆಯಿರಿ. ಆ ಕೆಲಸ ನಿಮ್ಮದಲ್ಲದಿದ್ದರೆ, ಬರೆಯುವವರಿಗೆ ಹೆಸರು ಬರೆಯಿರಿ ಎಂದು ಹೇಳಿ. ನಿಮ್ಮ ಪಕ್ಕದ ಮೇಜಿನವರ ಒಳ್ಳೆಯ ಕೆಲಸ ನಿಮ್ಮ ಕಣ್ಣಿಗೆ ಬಿದ್ದಿದ್ದರೆ, ಅವರು ಬಂದು ಕೇಳುವ ತನಕ ಕಾಯಬೇಡಿ.